ಕೊಕ್ಕರೆಗಳ ಪಾಠ

"ಕಿಟಕಿ ಹತ್ರ ನಿಂತಿರೋರು ಯಾರಮ್ಮ?" ಎಂದು ಓದುವ ಪರೀಕ್ಷೆ ನಡೆಸಲು ಬಂದಿದ್ದ ಇನ್ಸ್‌ಪೆಕ್ಟರು ಕೇಳಿದಾಗ ನಾಲ್ಕನೆಯ ತರಗತಿಯ ಹುಡುಗಿಯರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಹೊರಗೆ ಜಗಲಿಯಲ್ಲಿ ಆರೋಗ್ಯಮೇರಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು.

"ಗಿರಿಜಾಂಬಾಗೆ ಮನೇಲಿ ಪಾಠ ಹೇಳ್ಕೊಡೋರು ಸಾರ್," ಎಂದರು ಹೆಡ್‌ಮಿಸ್ಟ್ರೆಸ್ ಅಂಬುಜಮ್ಮ. "ಹುಡುಗೀಗೆ ಮಾತು ತೊದಲುತ್ತೆ. ಇವರು ಕಣ್ಣೆದುರಿಗಿದ್ರೆ ಚೆನ್ನಾಗಿ ಓದ್ತಾಳೆ. ನಾನೇ ಬರೋಕೆ ಹೇಳಿದ್ದೆ."

"ಒಬ್ಬಳಿಗೊಂದು ನ್ಯಾಯ, ಮಿಕ್ಕೋರಿಗೊಂದು ನ್ಯಾಯ ಮಾಡೋಕಾಗಲ್ಲ ಅಂಬುಜಮ್ಮನೋರೆ. ನೀವು ಆಚೆ ಹೋಗಿರಮ್ಮ, ದಯವಿಟ್ಟು."

ಮೇರಿ ಹೊರಟಳು. ಆದರೆ ಗೇಟಿನವರೆಗೆ ಹೋಗಲು ಕಾಲು ಬರಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ, ತರಗತಿಗೆ ಬೆನ್ನು ಮಾಡಿ ಕುಳಿತುಬಿಟ್ಟಳು.

ಹೋದ ವರ್ಷ ಇದೇ ಓದುವ ಪರೀಕ್ಷೆಯಲ್ಲಿ ಮೊದಲ ಅಕ್ಷರವೇ ಗಂಟಲಿನಿಂದ ಹೊರಡದೆ ಗಿರಿಜಾಂಬಾ ಅಳುತ್ತಾ ಕುಳಿತು ನಪಾಸಾಗಿದ್ದಳು. ಅವಳ ತಂದೆ ಪ್ರಭುಸ್ವಾಮಿಗೆ ಸಂತೆಪೇಟೆಯಲ್ಲಿ ಜವಳಿ ಅಂಗಡಿ. ಆರೋಗ್ಯಮೇರಿಯನ್ನು ಮನೆಪಾಠಕ್ಕೆ ಗೊತ್ತುಮಾಡಿದ ದಿನ ಅವರು ಅಂದಿದ್ದರು: "ಇದೊಂದ್ಸಲ ನೋಡೋಣ ಮೇರಮ್ಮ. ಈ ಸಲಾನೂ ಇಂಗೇ ಆದ್ರೆ ಸ್ಕೂಲು ಬಿಡಿಸ್ಬುಡ್ತೀನಿ. ಮಗು ನಾಕು ಜನದ ಮುಂದೆ ನಗೆಪಾಟಲಾಗೋದನ್ನ ನನ್ ಕೈಲಿ ನೋಡಕ್ಕಾಗಲ್ಲ."

ಮೇರಿ ಹಟ ಹಿಡಿದು ಕೂತಳು. ಇಬ್ಬರೂ ಒಟ್ಟಿಗೆ ಓದಿದರೆ ಹುಡುಗಿ ತೊದಲುವುದಿಲ್ಲ ಎಂಬುದನ್ನು ಮೊದಲ ವಾರದಲ್ಲೇ ಕಂಡುಕೊಂಡಳು. ಎಂಟು ತಿಂಗಳು ದಿನಾ ಸಂಜೆ ಇಬ್ಬರೂ ಒಂದೇ ದನಿಯಾಗಿ ಓದಿದರು. ಮೇರಿ ತನ್ನ ದನಿಯನ್ನು ದಿನದಿನಕ್ಕೂ ಒಂದಿಷ್ಟು ತಗ್ಗಿಸುತ್ತ ಬಂದಳು. ಆಮೇಲೆ ಬರೀ ತುಟಿಯಾಡಿಸಿದಳು. ಆಮೇಲೆ ಅದೂ ಇಲ್ಲ, ಎದುರಿಗೆ ಕೂತರೆ ಸಾಕು, ಗಿರಿಜಾಂಬಾ ಒಂದು ಪುಟವನ್ನು ಸರಾಗವಾಗಿ ಓದಿ ಮುಗಿಸುತ್ತಿದ್ದಳು. ಎಲ್ಲೋ ಒಮ್ಮೆ ನಾಲಗೆ ತಡೆದರೆ ಪುಸ್ತಕದಿಂದ ತಲೆಯೆತ್ತಿ ಮೇರಿಯನ್ನು ನೋಡುತ್ತಿದ್ದಳು. ಆ ನೋಟವನ್ನೂ ತಪ್ಪಿಸಲು ಇನ್ನೆರಡು ತಿಂಗಳು ಬೇಕಿತ್ತು. ಪರೀಕ್ಷೆ ಕಾಯಲಿಲ್ಲ.

"ಗಿರಿಜಾಂಬಾ, ಇಪ್ಪತ್ತೊಂದನೇ ಪಾಠ. ಎದ್ದು ನಿಂತು ಓದಮ್ಮ," ಎಂದು ಒಳಗಿನಿಂದ ಇನ್ಸ್‌ಪೆಕ್ಟರ ದನಿ ಕೇಳಿಸಿತು.

ಅದು ಯಾವ ಪಾಠವೆಂದು ಮೇರಿಗೆ ಗೊತ್ತಿತ್ತು. ಕೊಕ್ಕರೆಗಳ ಪಾಠ. ಹುಡುಗಿಗೆ ಅತಿ ಕಷ್ಟವಾದ ಅಕ್ಷರ ಕಕಾರ. ಆ ಪಾಠದ ಮೊದಲ ಸಾಲಿನ ತುಂಬ ಅದೇ.

"ಕೆ... ಕೆ... ಕೆ..."

ಯಾರೋ ಕಿಸಕ್ಕನೆ ನಕ್ಕರು. ಅಂಬುಜಮ್ಮ ಗದರಿದರು. ಮೇರಿ ಕಣ್ಣು ಮುಚ್ಚಿಕೊಂಡಳು. ಇನ್ನೇನು ಅಳು ಕೇಳಿಸುತ್ತದೆ ಎಂದು ಕಾದಳು.

"ಕೆ... ಕೆರೆಯ ಏ... ಏರಿಯ ಮೇಲೆ ಕೊ... ಕೊ... ಕೊಕ್ಕರೆಗಳು ಕು... ಕುಳಿತಿದ್ದವು."

ಒಂದು ಸಾಲು ಮುಗಿಯಿತು. ಎರಡನೆಯದು ಶುರುವಾಯಿತು. ಅದಕ್ಕೆ ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ನಗುತ್ತಿದ್ದವರಿಗೂ ನಕ್ಕು ಬೇಸರವಾಗಿ ತರಗತಿ ಸುಮ್ಮನಾಯಿತು. ಒಂದೊಂದು ಮಾತನ್ನೂ ಭಾರದ ಕಲ್ಲಿನಂತೆ ಎತ್ತಿ, ಇಟ್ಟು, ಮುಂದಿನದಕ್ಕೆ ಬಗ್ಗುತ್ತಿತ್ತು ಆ ದನಿ.

"ಸಾಕಮ್ಮ, ಕೂತ್ಕೊ," ಎಂದರು ಇನ್ಸ್‌ಪೆಕ್ಟರು. ದನಿಯಲ್ಲಿ ಕನಿಕರವಿತ್ತು.

"ಇ... ಇನ್ನೂ ಅರ್ಧ ಪುಟ ಇದೆ ಸಾರ್."

ಉತ್ತರಕ್ಕೆ ಕಾಯದೆ ಅವಳು ಮುಂದುವರಿಸಿದಳು. ಗಂಟೆ ಹೊಡೆಯಿತು. ಪಕ್ಕದ ತರಗತಿಯ ಮಕ್ಕಳು ಮೇರಿಯನ್ನು ದಾಟಿಕೊಂಡು ಬಯಲಿಗೆ ಓಡಿದರು. ಇಲ್ಲಿ ಯಾರೂ ಏಳಲಿಲ್ಲ. ಕಡೆಯ ಕೊಕ್ಕರೆ ಹಾರಿಹೋಗುವವರೆಗೂ ಗಿರಿಜಾಂಬಾ ಓದಿದಳು.

"ನಿಧಾನ," ಎಂದರು ಇನ್ಸ್‌ಪೆಕ್ಟರು. "ಆದ್ರೆ ಒಂದಕ್ಷರ ತಪ್ಪಿಲ್ಲ. ಪಾಸು ಅಂತ ಬರ್ಕೊಳ್ಳಿ ಅಂಬುಜಮ್ಮನೋರೆ."

ಇಬ್ಬರೂ ಗಿರಿಜಾಂಬಾಳ ಮನೆಯ ಕಡೆ ನಡೆದರು. ದಾರಿಯಲ್ಲಿ ಮೇರಿ ಅಂದಳು: "ನಾನು ಕಿಟಕಿ ಹತ್ರಾನೇ ಇರ್ಬೇಕಾಗಿತ್ತು ಕಣಮ್ಮ. ಅವರು ಕಳಿಸ್ಬುಟ್ರು."

"ನೀ... ನೀವು ಇಲ್ದೇ ಇದ್ದಿದ್ದೇ ಒಳ್ಳೇದಾಯ್ತು, ಮೇರಮ್ಮ."

"ಯಾಕೆ?"

"ನಾನು ತೊದಲಿದಾಗೆಲ್ಲ ನಿ... ನಿಮ್ಮ ಮುಖ ಸಣ್ಣಗಾಗುತ್ತೆ. ಇವತ್ತೂ ಅದನ್ನ ನೋಡಿದ್ದಿದ್ರೆ ನಾ... ನಾನು ಅಲ್ಲೇ ನಿಲ್ಲಿಸ್ಬುಡ್ತಿದ್ದೆ."

ಮೇರಿಗೆ ಕಪಾಳಕ್ಕೆ ಹೊಡೆದಂತಾಯಿತು. ಎಂಟು ತಿಂಗಳು ಹುಡುಗಿ ತನ್ನ ಮುಖದಲ್ಲಿ ಧೈರ್ಯವನ್ನು ಹುಡುಕುತ್ತಿದ್ದಾಳೆಂದೇ ಅವಳು ತಿಳಿದಿದ್ದಳು. ಅವಳು ಹೆಜ್ಜೆ ನಿಧಾನ ಮಾಡಿ, ಹುಡುಗಿಯನ್ನು ಮುಂದೆ ಬಿಟ್ಟು ಹಿಂದೆ ನಡೆದಳು.

ಮನೆಯ ಬಾಗಿಲಲ್ಲೇ ಅಜ್ಜಿ ಪುಟ್ಟಬಸಮ್ಮ ಕಾದಿದ್ದರು. ಅಂಗಡಿಯಿಂದ ಬೇಗ ಬಂದಿದ್ದ ಪ್ರಭುಸ್ವಾಮಿ ಅವರ ಹಿಂದೆ ನಿಂತಿದ್ದರು.

"ಎಂಗಾಯ್ತು ಮೇರಮ್ಮ? ಏಳಿ ಬೇಗ," ಎಂದರು ಅಜ್ಜಿ.

ತುಟಿಗೆ ಬಂದ ಮಾತನ್ನು ಮೇರಿ ನುಂಗಿಕೊಂಡಳು. "ಅವಳನ್ನೇ ಕೇಳಿ," ಎಂದಳು.

ಗಿರಿಜಾಂಬಾ ಅಪ್ಪನನ್ನು ನೇರವಾಗಿ ನೋಡಿ ಶುರುಮಾಡಿದಳು. "ನಾ... ನಾ... ನಾ..."

"ಪಾಪ, ಮಗಾ, ಸುಸ್ತಾಗಿದ್ದೀಯ, ಬುಡು..." ಎಂದು ಅಜ್ಜಿ ಮುಂದೆ ಬಂದರು.

ಹುಡುಗಿ ಅಂಗೈ ಎತ್ತಿ ಅವರನ್ನು ತಡೆದು ನಿಲ್ಲಿಸಿದಳು.