ನದಿಕಟ್ಟೆಯ ಕೆಂಪು ಗೆರೆ

"ಇವಳಿನ್ನೂ ಪುಟ್ಟ ಮಗು ಅಕ್ಕಾ, ಟಿಕೆಟ್ ಯಾಕೆ?" ಎಂದಳು ಚುನ್‌ಮೇಯ್. ಗುವಾಂಗ್‌ಝೌನ ನದಿಕಟ್ಟೆಯಲ್ಲಿ ದೋಣಿಗೆ ಟಿಕೆಟ್ ಕೊಡುತ್ತಿದ್ದ ಹೆಂಗಸು ಗೋಡೆಯ ಕೆಂಪು ಗೆರೆ ತೋರಿಸಿದಳು. "ಅಲ್ಲಿ ನಿಲ್ಲಿಸಮ್ಮ. ಗೆರೆಗಿಂತ ಗಿಡ್ಡ ಇದ್ರೆ ಬಿಟ್ಟಿ."

ಮಗಳು ಯಾಟಿಂಗ್ ಗೋಡೆಗೆ ಬೆನ್ನು ಆನಿಸಿ ನಿಂತಳು. ಗೆರೆ ಅವಳ ಕಿವಿಯ ಹತ್ತಿರವಿತ್ತು.

"ಹೋದ ವರ್ಷವೇ ಇಷ್ಟೆತ್ತರ ದಾಟಿದ್ಳು ಕಣೇ," ಎಂದಳು, ಮೊಮ್ಮಗಳನ್ನು ಊರಿನಿಂದ ಕರೆತಂದಿದ್ದ ಅಜ್ಜಿ. "ನೀನು ಹಬ್ಬಕ್ಕಾದ್ರೂ ಊರಿಗೆ ಬಂದಿದ್ರೆ ಗೊತ್ತಾಗ್ತಿತ್ತು." ಸಾಲಿನಲ್ಲಿ ಯಾರೋ ನಕ್ಕರು. ಚುನ್‌ಮೇಯ್ ಇಲ್ಲಿಯ ಕಾರ್ಖಾನೆ ಸೇರಿದಾಗ ಈ ತಲೆ ಅವಳ ಸೊಂಟಕ್ಕೆ ಬರುತ್ತಿತ್ತು. ಆಮೇಲೆ ಫೋನಿನಲ್ಲಿ ಬರೀ ಮುಖ ಕಾಣುತ್ತಿತ್ತು.

ಅಮ್ಮನ ಮುಖ ಬಾಡಿದ್ದನ್ನು ನೋಡಿ ಹುಡುಗಿ ಮೆಲ್ಲನೆ ಮೊಣಕಾಲು ಮಡಿಸಿ, ನೆತ್ತಿಯನ್ನು ಗೆರೆಯ ಕೆಳಗಿಳಿಸಿದಳು. "ಈಗ ಸರಿಹೋಯ್ತಾ ಅಮ್ಮ?"

"ಬೇಡ ಮಗಳೇ, ನೆಟ್ಟಗೆ ನಿಂತ್ಕೊ," ಎಂದಳು ಚುನ್‌ಮೇಯ್. "ನಾನು ನೋಡ್ಬೇಕು."