ನೋವು ಪಡೆದವರು

ಬೆಳಗಿನ ದಟ್ಟ ಮಂಜಿನಲ್ಲಿ ಲಗೋರಿ ಆಡುತ್ತಾ ಓಡಿದ ಚಾರ್ವಿ, ಕಾಣದ ಗೇಟಿಗೆ ಗುದ್ದಿ ಬಲ ಮುಂಗೈ ಮುರಿದುಕೊಂಡಿದ್ದಳು. ತುರ್ತು ಚಿಕಿತ್ಸಾ ಘಟಕದ ನರ್ಸ್ ಎಲ್ಲರನ್ನೂ ಕೇಳುವಂತೆ ಅವಳ ಜೊತೆ ಬಂದವರನ್ನೂ ಕೇಳಿದಳು: “ನೋವು ಯಾರು ತಗೋತೀರಿ?”

ಅಮ್ಮ ವಿನುತಾ ಆಗಲೇ ಸ್ವೆಟರಿನ ತೋಳು ಮೇಲಕ್ಕೆಳೆದು ಕೈ ಚಾಚಿದ್ದಳು. ನರ್ಸ್ ತಾಯಿ-ಮಗಳಿಬ್ಬರ ಕೈಗೂ ನೋವು ದಾಟಿಸುವ ಪಟ್ಟಿ ಕಟ್ಟಿದಳು. ಮಗು ಚೀರುತ್ತಲೇ ಇತ್ತು.

“ಮಗು ಕೊಡ್ತಿಲ್ಲ ಮೇಡಂ. ಅದು ಹೆಚ್ಚು ಹಚ್ಚಿಕೊಂಡಿರೋರಿಗೇ ಕೊಡೋದು. ಅಂಥೋರು ಬೇರೆ ಯಾರಾದ್ರೂ ಬಂದಿದಾರಾ?”

ಬಾಗಿಲ ಬಳಿ ನಿಂತಿದ್ದ ಮನೆಗೆಲಸದ ಬೋರಮ್ಮ ಬಂದು ಪಟ್ಟಿ ಕಟ್ಟಿಸಿಕೊಂಡಳು. ಚಾರ್ವಿಯ ಅಳು ತಟ್ಟನೆ ನಿಂತಿತು. ಬೋರಮ್ಮ ಹಲ್ಲು ಕಚ್ಚಿ ತನ್ನ ಬಲಗೈಯನ್ನು ಎದೆಗೆ ಅವುಚಿಕೊಂಡಳು. ವಿನುತಾಳಿಗೆ ಹೊಟ್ಟೆ ಉರಿದುಹೋಯಿತು. ಅದು ತನಗೆ ಸೇರಬೇಕಾದ ನೋವು.

“ತುಂಬಾ ನೋಯ್ತಿದೆಯಾ?” ಎಂದಳು, ಬೋರಮ್ಮ ಸಾಕಪ್ಪ ಎಂದು ಪಟ್ಟಿ ಬಿಚ್ಚಿಕೊಡಲಿ ಎಂಬ ಆಸೆಯಿಂದ.

“ಇದೇನ್ ಮಹಾ ಬಿಡಿ ಅಕ್ಕ. ಹೋದ ಚಳೀಲಿ ಮಗೂಗೆ ಕಿವಿನೋವು ಬಂದಾಗ್ಲೂ ಇಲ್ಲಿಗೇ ಕರ್ಕೊಂಡ್ ಬಂದು ನಾನೇ ತಗೊಂಡಿದ್ದೆ. ನೀವು ಆಫೀಸಲ್ಲಿದ್ರಿ, ಗಾಬರಿ ಆಗ್ತೀರಂತ ಹೇಳ್ಲಿಲ್ಲ.”

ನರ್ಸ್ ಕಾಗದ ತಂದಳು. ‘ನೋವು ಪಡೆದವರು’ ಎಂದಿದ್ದ ಕಡೆ ಬೋರಮ್ಮ ಎಡಗೈ ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ, ‘ಸಾಕ್ಷಿ’ ಎಂದಿದ್ದ ಗೆರೆಯ ಮೇಲೆ, ಹೆತ್ತವಳು ಸಹಿ ಹಾಕಿದಳು.