ಯಾರಿಗೂ ಕಾಣದ ಗುಡಿಸಲು

ಗುಡಿಸಲು ರಸ್ತೆಗೆ ಕಾಣುತ್ತದೆಯೇ ಎಂದು ನೋಡಲು ಸ್ಯಾಮ್ಯುಯೆಲ್ ಮತ್ತೊಮ್ಮೆ ಬದು ದಾಟಿ ಹೋದ. ಕಾಣುತ್ತಿರಲಿಲ್ಲ. ನಡುವೆ ಆಳೆತ್ತರದ ತೊಗರಿ, ಅದರಾಚೆ ಜಾಲಿಯ ಸಾಲು. ಮರಳಿ ಬಂದು ತಂಗಿಯನ್ನು ಮರಾಠಿಯಲ್ಲಿ ಕೇಳಿದ: "ಇಲ್ಲಿಗೆ ಯಾರೂ ಬರುವುದಿಲ್ಲ ತಾನೆ?"

"ಈ ಬಿಸಿಲಿನಲ್ಲಿ ಯಾರು ಬರುತ್ತಾರೆ?" ಎಂದಳು ನವೋಮಿ. ಹುಬ್ಬಳ್ಳಿಯಿಂದ ಜೂನ್‌ನಲ್ಲಿ ಕುಷ್ಟಗಿಯ ಬ್ಯಾಂಕಿಗೆ ವರ್ಗವಾಗಿ ಬಂದವಳು ಅವಳು. ಮರಾಠಿ ನಾಡಿನ ಠಾಣೆ ನಗರದಲ್ಲಿ ಹುಟ್ಟಿ ಬೆಳೆದ ಯೆಹೂದಿಗಳು ಈ ಅಣ್ಣತಂಗಿ. ಸುಕ್ಕೋತ್ ಹಬ್ಬದಲ್ಲಿ ಅವರು ದಂಟು, ಸೊಪ್ಪು ಹೊದಿಸಿದ ಗುಡಿಸಲಿನಲ್ಲಿ ಕುಳಿತು ಉಣ್ಣಬೇಕು. ಹೋದ ವರ್ಷ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಮನೆಯಂಗಳದಲ್ಲಿ ಕಟ್ಟಿದ್ದ ಗುಡಿಸಲಿನ ಸುತ್ತ ಯಾರೋ ಕೂಗಾಡಿ, ಮೊಟ್ಟೆ ಎಸೆದು, ಕಲ್ಲನ್ನೂ ಎಸೆದಿದ್ದರು. ಆಗ ಒಳಗೆ ಅವನ ಮಗಳು ಊಟಕ್ಕೆ ಕುಳಿತಿದ್ದಳು. ಇನ್ನು ಮೇಲೆ ಕಟ್ಟುವುದಿಲ್ಲ ಎಂದು ಮನೆಯಲ್ಲಿ ಹೇಳಿ, ಕೆಲಸದ ಮೇಲೆ ಹೈದರಾಬಾದಿಗೆ ಬಂದವನನ್ನು ನವೋಮಿ ಹಟ ಮಾಡಿ ಕರೆಸಿಕೊಂಡಿದ್ದಳು. ಯಾರ ಕಣ್ಣಿಗೂ ಬೀಳದ ಕಡೆ ಕಟ್ಟಬೇಕೆಂಬುದು ಅವನ ಷರತ್ತು.

ತನ್ನ ಹೊಲದಲ್ಲಿ ಜಾಗ ಕೊಟ್ಟವಳು ನವೋಮಿಯ ಮನೆಯೊಡತಿ ಪಕ್ಕೀರವ್ವ. ಆಗಷ್ಟೇ ಕೊಯ್ದಿದ್ದ ಸಜ್ಜೆಯ ದಂಟನ್ನೂ ಅವಳೇ ಕೊಟ್ಟಿದ್ದಳು. ಆದರೆ ಅವಳು ಮೇಲೆ ಒತ್ತಾಗಿ ಹೊದಿಸಿದಷ್ಟೂ ನವೋಮಿ ದಂಟುಗಳನ್ನು ಎಳೆದು ತೆಗೆಯುತ್ತಿದ್ದಳು.

"ಏನ್ರಿ ಬಾಯಾರ, ಇದು ಹಂದರನೋ, ಜರಡಿನೋ?"

"ಚುಕ್ಕಿ ಕಾಣಬೇಕ್ರಿ ಅವ್ವಾರ. ನಮ್ಮ ಪದ್ಧತಿ ಹಂಗೈತಿ."

"ಮಳಿ ಬಂದರ?"

"ತೋಯಿಸ್ಕೋತೀವಿ."

"ತೋಯಿಸ್ಕೋರಿ. ನಾಳಿ ಮಂದಿ ನೋಡಿ, ಪಕ್ಕೀರವ್ವಗ ಒಂದು ಹಂದರ ಹಾಕಾಕ ಬರೂದಿಲ್ಲ ಅಂತ ನಕ್ಕರ ಮಾತ್ರ ನನ್ನ ಕೇಳಬ್ಯಾಡ್ರಿ."

ಯಾವ ಮಂದಿ ಎಂದು ನವೋಮಿ ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು: ಮರುದಿನ ಸೀಗಿ ಹುಣ್ಣಿಮೆ. ಊರಿನವರ ಪಂಚಾಂಗವೂ ಯೆಹೂದಿಗಳದೂ ಚಂದ್ರನನ್ನು ನೋಡಿಯೇ ನಡೆಯುವಂಥವು. ಈ ವರ್ಷ ಎರಡೂ ಹಬ್ಬ ಒಂದೇ ಹುಣ್ಣಿಮೆಗೆ ಬಿದ್ದಿದ್ದವು. ಅಂದು ಊರಿನ ಬೀದಿಗಳು ಖಾಲಿ. ಬುತ್ತಿ ಕಟ್ಟಿಕೊಂಡ ಜನವೆಲ್ಲ ಹೊಲದಲ್ಲಿ.

ಮರುದಿನ ಮಧ್ಯಾಹ್ನ ಗುಡಿಸಲಿನಲ್ಲಿ ಸ್ಯಾಮ್ಯುಯೆಲ್ ಪ್ರಾರ್ಥನೆ ಮುಗಿಸಿ ರೊಟ್ಟಿ ಮುರಿಯುತ್ತಿದ್ದ. ಎಲ್ಲೋ ಟ್ರ್ಯಾಕ್ಟರ್ ನಿಂತ ಸದ್ದು. ಆಮೇಲೆ ಹೆಜ್ಜೆಗಳು, ತೀರ ಹತ್ತಿರದಲ್ಲೇ.

"ಹುಲ್ಲುಲ್ಲಿಗೋ!" ಎಂದು ಗಂಡಸೊಬ್ಬ ಗಂಟಲು ಹರಿಯುವಂತೆ ಕೂಗಿದ. "ಸಲಾಂಬ್ರಿಗೋ!" ಎಂದು ಹತ್ತಾರು ದನಿಗಳು ಒಟ್ಟಿಗೆ ಕೂಗಿದವು. ದಂಟಿನ ಗೋಡೆಗೆ ಏನೋ ಪಟಪಟನೆ ಬಡಿಯಿತು. ಮತ್ತೆ ಅದೇ ಕೂಗು. ಈ ಸಲ ಎಸೆದದ್ದು ಚಾವಣಿಗೆ ಬಿದ್ದು, ಸಂದುಗಳಿಂದ ಒಳಗೆ ಉದುರಿತು.

ಸ್ಯಾಮ್ಯುಯೆಲ್ ತಂಗಿಯನ್ನು ಹಿಂದಕ್ಕೆ ಎಳೆದುಕೊಂಡು ಬಾಗಿಲಿಗೆ ಅಡ್ಡ ನಿಂತ. "ಹೊರಗೆ ಹೋಗಬೇಡ" ಎಂದ. ಹೊರಗಿನವರು ಗುಡಿಸಲನ್ನು ಸುತ್ತು ಹಾಕುತ್ತಿದ್ದರು. ತೋಳಿನ ಮೇಲೆ ಬಿದ್ದಿದ್ದನ್ನು ಕೊಡವಲು ಹೋದವನು ಕೈ ತಡೆದು ನೋಡಿದ. ಸಜ್ಜೆ ರೊಟ್ಟಿಯ ಚೂರು, ಅದಕ್ಕಂಟಿದ ಪುಂಡಿ ಪಲ್ಯ, ಕಡುಬಿನ ತುಣುಕು.

ಅಷ್ಟರಲ್ಲಿ ಪಕ್ಕೀರವ್ವನ ಮುಖ ಬಾಗಿಲಲ್ಲಿ ಕಾಣಿಸಿತು. ಹಿಂದೆ ಬುಟ್ಟಿ ಹಿಡಿದ ಅವಳ ಮೈದುನ ಕಳಕಪ್ಪ, ಅವನ ಹಿಂದೆ ಹೊಸ ಸೀರೆಗಳ ಹಿಂಡು.

"ಅಯ್ಯ, ಒಳಗ ಅದೀರೇನ್ರಿ! ಊಟಕ್ಕ ಕರಿಯಾಕ ಬಂದ್ವಿ."

"ನಮ್ಮ ಮೇಲೆ ಯಾಕೆ ಎಸೆದರು, ಕೇಳು" ಎಂದ ಸ್ಯಾಮ್ಯುಯೆಲ್. ನವೋಮಿ ಕೇಳಿದಳು.

"ಎಸದಿಲ್ರಿ, ಚರಗ ಚೆಲ್ಲೀವಿ" ಎಂದಳು ಪಕ್ಕೀರವ್ವ. "ಭೂಮಿತಾಯಿ ಈಗ ಬಸುರಿ. ಆಕಿ ಬಯಕಿ ಊಟ ಇದು. ಹೊಲದಾಗ ಏನೇನೈತಿ ಎಲ್ಲಾಕೂ ಪಾಲು ಮುಟ್ಟಬೇಕು. ಬನ್ನಿ ಗಿಡ, ಹುತ್ತ, ಬಾವಿ. ನಿಮ್ಮ ಹಂದರನೂ ನಮ್ಮ ಹೊಲದಾಗ ಐತಿ. ಬಿಟ್ಟು ಹೋದರ ಹೆಂಗ?"

ನವೋಮಿ ಅನುವಾದ ಮುಗಿಸುವ ಮೊದಲೇ ಸ್ಯಾಮ್ಯುಯೆಲ್ ನಗತೊಡಗಿದ. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ.

"ಸಾಹೇಬರು ಯಾಕ ನಗಾಕತ್ಯಾರ, ವೈನಿ?" ಎಂದ ಕಳಕಪ್ಪ.

"ಕತ್ತಿ ಒದರಿದಂಗ ಒದರ್ತಿ. ನಗದ ಏನ್ ಮಾಡ್ತಾರ!"

ಹೆಂಗಸರು ಒಳಗೆ ನುಗ್ಗಿದರು. ಎಣ್ಣೆಗಾಯಿ, ಕಡುಬು, ಶೇಂಗಾ ಹಿಂಡಿ ಮೇಜು ಸಾಲದೆ ನೆಲಕ್ಕಿಳಿದವು. ಯಾರೋ ಮುದುಕಿ, "ಮದಿವಿ ಯಾರದು?" ಎಂದಳು. ಒಂದು ಕೂಸು ಸ್ಯಾಮ್ಯುಯೆಲ್‌ನ ತಲೆಯ ಪುಟ್ಟ ಟೋಪಿಗೆ ಕೈ ಹಾಕಿತು. ಅವನು ತಲೆ ಬಗ್ಗಿಸಿಕೊಟ್ಟ.

ಊಟವಾದ ಮೇಲೆ ಅವನ ಕಣ್ಣು ಕಳಕಪ್ಪನ ಬುಟ್ಟಿಯ ಮೇಲೆಯೇ ಇತ್ತು. "ಪೂಜೆ ನಮಗೆ ಸಲ್ಲದು" ಎಂದ ತಂಗಿಗೆ. "ಗುಬ್ಬಿಗಳಿಗೆಂದು ಚೆಲ್ಲಬಹುದೇ, ಕೇಳು."

"ಗುಬ್ಬೀನೂ ತಿಂತಾವ, ಇಲೀನೂ ತಿಂತಾವ" ಎಂದು ಕಳಕಪ್ಪ ಬುಟ್ಟಿ ದಾಟಿಸಿದ. "ಆದರ ಒದರಬೇಕ್ರಿ. ಸುಮ್ನ ಚೆಲ್ಲಿದರ ಮುಟ್ಟೂದಿಲ್ಲ."

"ಆ ಕೂಗಿನ ಅರ್ಥ ಏನು?" ಎಂದು ಸ್ಯಾಮ್ಯುಯೆಲ್ ತಂಗಿಯಿಂದ ಕೇಳಿಸಿದ.

"ಅದು ನಮ್ಮಪ್ಪಗೂ ಗೊತ್ತಿರಲಿಲ್ರಿ."

ಸ್ಯಾಮ್ಯುಯೆಲ್ ಹೊರಗೆ ಬಂದು ಒಂದು ಹಿಡಿ ತುಂಬಿಕೊಂಡ. ಬಾಯಿ ತೆರೆದ, ಗಾಳಿ ಬಂತು, ದನಿ ಬರಲಿಲ್ಲ. ಮಗಳಿಗೂ ಹೊರಗೆ ಮೆಲ್ಲಗೆ ಮಾತಾಡು ಎಂದು ಕಲಿಸಿದ್ದವನು. ಪಕ್ಕೀರವ್ವ ಬೆನ್ನಿಗೊಂದು ಗುದ್ದಿದಳು. ಅವನು ತಲೆ ಎತ್ತಿ, ಎದೆಯಲ್ಲಿದ್ದಷ್ಟೂ ಉಸಿರು ಹಾಕಿ ಕೂಗಿದ:

"ಹುಲ್ಲುಲ್ಲಿಗೋ!"

ಸುತ್ತ ನಿಂತವರು ನಗುತ್ತಿದ್ದರಿಂದ ತಿರುಗಿ ಕೂಗುವುದನ್ನು ಮರೆತರು. ಎಷ್ಟೋ ಹೊಲಗಳ ಆಚೆಯಿಂದ, ಅವನನ್ನು ಕಾಣದ, ಅವನ ಹೆಸರೂ ಕೇಳದ ಯಾರೋ ಒಬ್ಬ ಉದ್ದಕ್ಕೆ ಓಗೊಟ್ಟ:

"ಸಲಾಂಬ್ರಿಗೋ...!"